ಆಟಕ್ಕೆ ಮೊದಲೇ ಆಡಿದ ಮಾತು: ಜೆಸ್ಸಿ ಪೆನ್ನಿಂಗ್ಟನ್ ಮತ್ತು 1913ರ ಲಂಚ ಪ್ರಕರಣ

1913ರ ನವೆಂಬರ್ 29ರ ಶನಿವಾರ ಇಂಗ್ಲೆಂಡಿನ ವೆಸ್ಟ್ ಬ್ರಾಮಿಚ್ ಆಲ್ಬಿಯನ್ ಫುಟ್‌ಬಾಲ್ ತಂಡ ತನ್ನ ಹಾಥಾರ್ನ್ಸ್ ಮೈದಾನದಲ್ಲಿ ಎವರ್ಟನ್ ವಿರುದ್ಧ ಆಡಿತು. ಪಂದ್ಯ 1–1ರಲ್ಲಿ ಮುಗಿಯಿತು. ಇಂಗ್ಲೆಂಡಿನ ಮೊದಲ ದರ್ಜೆಯ ಲೀಗ್‌ನಲ್ಲಿ ಇಂತಹ ಸಮಬಲದ ಫಲಿತಾಂಶ ಪ್ರತಿ ವಾರವೂ ಕೆಲವು ಬರುತ್ತಿದ್ದವು. ಈ ಪಂದ್ಯವನ್ನು ಅಂಕಪಟ್ಟಿಯಲ್ಲಿ ಮಾತ್ರ ನೋಡಿದವರಿಗೆ ನೆನಪಿಡಲು ಏನೂ ಸಿಗುವುದಿಲ್ಲ. ಆದರೆ ಆಟ ಮುಗಿದ ಮೇಲೆ ಒಬ್ಬ ವ್ಯಕ್ತಿ ಆಲ್ಬಿಯನ್ ನಾಯಕನಿಗೆ ಹಣ ಕೊಡಲು ಬಂದ, ಮತ್ತು ಅವನಿಗಾಗಿ ಪೊಲೀಸರು ಅಲ್ಲಿ ಕಾಯುತ್ತಿದ್ದರು.

ಆ ನಾಯಕ ಎಡಬದಿಯ ಫುಲ್‌ಬ್ಯಾಕ್, ಅಂದರೆ ಗೋಲು ಕಾಯುವ ರಕ್ಷಣಾ ಆಟಗಾರ, ಜೆಸ್ಸಿ ಪೆನ್ನಿಂಗ್ಟನ್. ಹಣ ತಂದವನು ಸ್ಯಾಮ್ಯುಯೆಲ್ ಜಾನ್ಸನ್ ಎಂಬ ಹೆಸರಿನಲ್ಲಿ ಪರಿಚಯ ಮಾಡಿಕೊಂಡಿದ್ದ ಪ್ಯಾಸ್ಕೋ ಬಯೊಲೆಟ್ಟಿ. ಆಲ್ಬಿಯನ್ ಗೆಲ್ಲದಂತೆ, ಅಂದರೆ ಸೋಲುವಂತೆ ಅಥವಾ ಸಮಬಲದಲ್ಲಿ ಮುಗಿಯುವಂತೆ ನೋಡಿಕೊಂಡರೆ 55 ಪೌಂಡ್ ಕೊಡುವುದಾಗಿ ಆತ ಪಂದ್ಯಕ್ಕೆ ಮುಂಚೆ ಪೆನ್ನಿಂಗ್ಟನ್ ಅವರಿಗೆ ಆಮಿಷ ಒಡ್ಡಿದ್ದ. ಹನ್ನೊಂದು ಆಟಗಾರರಿಗೆ ತಲಾ 5 ಪೌಂಡ್ ಎಂಬುದು ಆ ಮೊತ್ತದ ಲೆಕ್ಕ. ಪೆನ್ನಿಂಗ್ಟನ್ ವಿಷಯವನ್ನು ಕ್ಲಬ್ಬಿಗೆ ತಿಳಿಸಿದರು, ಅಲ್ಲಿಂದ ಅದು ಪೊಲೀಸರಿಗೆ ಹೋಯಿತು. ಪಂದ್ಯ ಯಾರ ಮುಲಾಜೂ ಇಲ್ಲದೆ ನಡೆದು ಸಮಬಲವಾಯಿತು. ಬಯೊಲೆಟ್ಟಿ ತನ್ನ ಕೆಲಸ ಆಯಿತೆಂದೇ ನಂಬಿ ಹಣದೊಂದಿಗೆ ಬಂದು ಸಿಕ್ಕಿಬಿದ್ದ. ಪೆನ್ನಿಂಗ್ಟನ್ ಅವನ ವಿರುದ್ಧ ಸಾಕ್ಷಿ ಹೇಳಿದರು. ಆತ ಕೆಲವು ತಿಂಗಳು ಸೆರೆವಾಸ ಅನುಭವಿಸಿದ.

ಈ ಪ್ರಕರಣವನ್ನು ಸಾಮಾನ್ಯವಾಗಿ ಒಬ್ಬ ಸಜ್ಜನ ಆಟಗಾರ ಲಂಚ ತಿರಸ್ಕರಿಸಿದ ಕಥೆಯಾಗಿ ಎರಡು ಸಾಲಿನಲ್ಲಿ ಹೇಳಿ ಮುಗಿಸುತ್ತಾರೆ. ನನಗೆ ಅದು ಸಾಲದೆನಿಸುತ್ತದೆ. ಲಂಚವನ್ನು ಬೇಡವೆಂದವರು ಆ ಕಾಲದಲ್ಲಿ ಇನ್ನೂ ಹಲವರಿದ್ದರು. ಪೆನ್ನಿಂಗ್ಟನ್ ಅವರ ನಡೆಯಲ್ಲಿ ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಅವರು ಮಾತನ್ನು ಯಾವಾಗ ಆಡಿದರು ಎಂಬುದು. ಬಂದ ಫಲಿತಾಂಶ ಲಂಚ ಕೊಟ್ಟವನು ಬಯಸಿದ್ದೇ ಆಗಿತ್ತು ಎಂಬುದನ್ನು ಗಮನಿಸಬೇಕು. ಪಂದ್ಯಕ್ಕೆ ಮುಂಚೆ ಅವರು ಸುಮ್ಮನಿದ್ದು ನಂತರ ಹೇಳಿದ್ದರೆ ಆ 1–1 ಅವರ ವಿರುದ್ಧವೇ ಸಾಕ್ಷಿಯಾಗಿ ನಿಲ್ಲುತ್ತಿತ್ತು.

ಆ ಆಟಗಾರ

ಪೆನ್ನಿಂಗ್ಟನ್ 1883ರ ಆಗಸ್ಟ್ 23ರಂದು ವೆಸ್ಟ್ ಬ್ರಾಮಿಚ್‌ನಲ್ಲೇ ಹುಟ್ಟಿದವರು. ಆಗ ಸ್ಟಾಫರ್ಡ್‌ಶೈರ್‌ಗೆ ಸೇರಿದ್ದ ಆ ಊರು ಕಲ್ಲಿದ್ದಲು, ಕಬ್ಬಿಣ, ಕುಲುಮೆಗಳ ಹೊಗೆಯಿಂದ ‘ಬ್ಲ್ಯಾಕ್ ಕಂಟ್ರಿ’ ಎಂದು ಕರೆಸಿಕೊಳ್ಳುವ ಪ್ರದೇಶದಲ್ಲಿದೆ. ಆಲ್ಬಿಯನ್ ತಂಡವೂ ಅಲ್ಲಿನ ಕಾರ್ಖಾನೆಯ ಕೂಸೇ. 1878ರಲ್ಲಿ ಸಾಲ್ಟರ್ ಕಂಪನಿಯ ಸ್ಪ್ರಿಂಗ್ ತಯಾರಿಸುವ ಕಾರ್ಮಿಕರು ಕಟ್ಟಿಕೊಂಡ ತಂಡವದು. 1900ರಲ್ಲಿ ಹಾಥಾರ್ನ್ಸ್ ಮೈದಾನಕ್ಕೆ ಬಂದು ನೆಲೆಸಿತು. ಪೆನ್ನಿಂಗ್ಟನ್ 1903ರಲ್ಲಿ ತಂಡ ಸೇರಿದರು. ಅವರ ಮೊದಲ ಋತುವಿನಲ್ಲೇ, ಅಂದರೆ 1903–04ರಲ್ಲಿ, ಆಲ್ಬಿಯನ್ ಕೊನೆಯ ಸ್ಥಾನಕ್ಕೆ ಕುಸಿದು ಎರಡನೆಯ ದರ್ಜೆಗೆ ಇಳಿಯಿತು. ಅಲ್ಲಿಂದ ಮೇಲೆ ಬರಲು ಏಳು ವರ್ಷ ಹಿಡಿಯಿತು. ಆ ಏಳೂ ವರ್ಷ ಅವರ ಯೌವನದ ವರ್ಷಗಳು. ಎರಡನೆಯ ದರ್ಜೆಯಲ್ಲಿ ಆಡುತ್ತಿದ್ದಾಗಲೇ, 1907ರ ಮಾರ್ಚ್‌ನಲ್ಲಿ, ವೇಲ್ಸ್ ವಿರುದ್ಧದ ಪಂದ್ಯಕ್ಕೆ ಅವರನ್ನು ಇಂಗ್ಲೆಂಡ್ ತಂಡಕ್ಕೆ ಆರಿಸಿದರು. ಅವರ ಕಸುಬುದಾರಿಕೆ ಎಂತಹದಿತ್ತು ಎನ್ನಲು ಇದೊಂದೇ ಸಾಕು.

ದೇಶದ ಪರವಾಗಿ ಅವರು ಒಟ್ಟು 25 ಪಂದ್ಯ ಆಡಿದರು. ಅವುಗಳಲ್ಲಿ 23ರಲ್ಲಿ ಬಲಬದಿಯ ಫುಲ್‌ಬ್ಯಾಕ್ ಸ್ಥಾನದಲ್ಲಿ ಬ್ಲ್ಯಾಕ್‌ಬರ್ನ್ ರೋವರ್ಸ್‌ನ ಬಾಬ್ ಕ್ರಾಂಪ್ಟನ್ ಇದ್ದರು. ಕ್ರಾಂಪ್ಟನ್ ಭಾರಿ ಮೈಕಟ್ಟಿನವರು, ಪೆನ್ನಿಂಗ್ಟನ್ ಅವರದು ವೇಗ ಮತ್ತು ಚುರುಕು; ಇಬ್ಬರ ಜೋಡಿ ಮೊದಲ ಮಹಾಯುದ್ಧಕ್ಕೆ ಹಿಂದಿನ ಇಂಗ್ಲೆಂಡ್ ರಕ್ಷಣೆಗೆ ಪರ್ಯಾಯ ಹೆಸರೇ ಆಗಿಬಿಟ್ಟಿತ್ತು. ಆಲ್ಬಿಯನ್ ಪರ ಲೀಗ್‌ನಲ್ಲಿ ಅವರು 455 ಪಂದ್ಯ ಆಡಿದರು. ಸೋತವರು ಹೊರಬೀಳುವ ಎಫ್‌ಎ ಕಪ್ ಸ್ಪರ್ಧೆಯ ಪಂದ್ಯಗಳೂ ಸೇರಿದರೆ ಸಂಖ್ಯೆ 496. ಅಷ್ಟರಲ್ಲಿ ಒಂದೂ ಗೋಲು ಹೊಡೆಯಲಿಲ್ಲ. ಇಂದಿನ ಓದುಗರಿಗೆ ಇದು ಕೊರತೆಯಂತೆ ಕಾಣಬಹುದು. ಅಂದಿನ ಫುಲ್‌ಬ್ಯಾಕ್‌ನ ಕೆಲಸ ಏನಾಗಿತ್ತು ಎಂದು ತಿಳಿದರೆ ಹಾಗನ್ನಿಸುವುದಿಲ್ಲ; ಲಂಚ ಕೊಡುವವನು ಮುಂಚೂಣಿಯ ಗೋಲುಗಾರನನ್ನು ಬಿಟ್ಟು ಇವರನ್ನೇ ಏಕೆ ಹುಡುಕಿಕೊಂಡು ಬಂದ ಎಂಬುದೂ ಅದರಿಂದಲೇ ಅರ್ಥವಾಗುತ್ತದೆ.

ಇಬ್ಬರೇ ಕಾಯುವ ಗೋಲು

ಆ ಕಾಲದ ಎಲ್ಲ ತಂಡಗಳೂ ಹೆಚ್ಚುಕಡಿಮೆ ಒಂದೇ ವಿನ್ಯಾಸದಲ್ಲಿ ಆಡುತ್ತಿದ್ದವು: ಗೋಲ್‌ಕೀಪರ್‌ನ ಮುಂದೆ ಇಬ್ಬರು ಫುಲ್‌ಬ್ಯಾಕ್‌ಗಳು, ಅವರ ಮುಂದೆ ಮೂವರು ಹಾಫ್‌ಬ್ಯಾಕ್‌ಗಳು, ಐವರು ಫಾರ್ವರ್ಡ್‌ಗಳು. ಎಂದರೆ ಕೊನೆಯ ಸಾಲಿನಲ್ಲಿ ಇದ್ದದ್ದು ಇಬ್ಬರೇ. 1925ರವರೆಗೆ ಜಾರಿಯಲ್ಲಿದ್ದ ಆಫ್‌ಸೈಡ್ ನಿಯಮದ ಪ್ರಕಾರ, ಚೆಂಡು ಪಾಸ್ ಆಗುವ ಹೊತ್ತಿಗೆ ಮುನ್ನುಗ್ಗುವ ಆಟಗಾರನಿಗೂ ಎದುರಾಳಿಯ ಗೋಲುರೇಖೆಗೂ ನಡುವೆ ಗೋಲ್‌ಕೀಪರ್ ಸೇರಿ ಮೂವರು ಎದುರಾಳಿಗಳು ಇರಲೇಬೇಕಿತ್ತು; ಇಲ್ಲದಿದ್ದರೆ ಅವನು ಆಫ್‌ಸೈಡ್, ಅವನ ಆಟಕ್ಕೆ ಅಲ್ಲೇ ತಡೆ. (ಬಳಿಕ ಆ ಸಂಖ್ಯೆಯನ್ನು ಎರಡಕ್ಕೆ ಇಳಿಸಿದರು.) ಹೀಗಾಗಿ ಇಬ್ಬರು ಫುಲ್‌ಬ್ಯಾಕ್‌ಗಳಲ್ಲಿ ಒಬ್ಬರು ಸರಿಯಾದ ಕ್ಷಣದಲ್ಲಿ ಎರಡು ಹೆಜ್ಜೆ ಮುಂದೆ ಬಂದರೆ ಎದುರಾಳಿಯ ಇಡೀ ಮುಂಚೂಣಿ ಆಫ್‌ಸೈಡ್ ಆಗುತ್ತಿತ್ತು. ಆ ಹೆಜ್ಜೆ ತುಸು ತಡವಾದರೆ ಐವರು ಫಾರ್ವರ್ಡ್‌ಗಳ ಎದುರು ಉಳಿಯುವವನು ಇನ್ನೊಬ್ಬ ಫುಲ್‌ಬ್ಯಾಕ್ ಮಾತ್ರ.

ಆ ಅರ್ಧ ಹೆಜ್ಜೆಯ ತಡವನ್ನು ಯಾರು ಅಳೆಯಬಲ್ಲರು? ಫಾರ್ವರ್ಡ್ ಒಬ್ಬ ಖಾಲಿ ಗೋಲಿನ ಎದುರು ಚೆಂಡನ್ನು ಆಚೆ ಹೊಡೆದರೆ ಇಪ್ಪತ್ತು ಸಾವಿರ ಜನ ಹುಯಿಲಿಡುತ್ತಾರೆ. ಫುಲ್‌ಬ್ಯಾಕ್ ತುಸು ಎಡಕ್ಕೆ ನಿಂತರೆ, ಒದ್ದೆ ಹುಲ್ಲಿನಲ್ಲಿ ತಿರುಗುವಾಗ ಕಾಲು ಜಾರಿದರೆ, ಬಲಗಾಲಿನ ಬದಲು ಎಡಗಾಲಿಗೆ ಚೆಂಡನ್ನು ಬಿಟ್ಟುಕೊಟ್ಟರೆ, ಅದು ತಪ್ಪೋ ಮೋಸವೋ ಎಂದು ಹತ್ತಿರ ನಿಂತ ಗೋಲ್‌ಕೀಪರ್‌ಗೂ ಗೊತ್ತಾಗುವುದಿಲ್ಲ. ಅದರ ಮೇಲೆ ಪೆನ್ನಿಂಗ್ಟನ್ ನಾಯಕ. ಹನ್ನೊಂದು ಜನರನ್ನು ಒಬ್ಬೊಬ್ಬರನ್ನಾಗಿ ಭೇಟಿಯಾಗುವ ಅಪಾಯ ಬಯೊಲೆಟ್ಟಿಗೆ ಬೇಡವಾಗಿತ್ತು. ಹಣವನ್ನು ಒಬ್ಬನ ಕೈಗೆ ಕೊಟ್ಟು ಹಂಚುವ ಕೆಲಸವನ್ನೂ ಬಾಯಿ ಮುಚ್ಚಿಸುವ ಹೊಣೆಯನ್ನೂ ಅವನಿಗೇ ವಹಿಸಬಹುದಿತ್ತು. ಅದೇ ಪ್ರದೇಶದ ಬರ್ಮಿಂಗ್‌ಹ್ಯಾಮ್ ಕ್ಲಬ್ಬಿನ ಫ್ರಾಂಕ್ ವೊಮ್ಯಾಕ್ ಅವರಿಗೂ ಈತನಿಂದ ಇಂತಹದೇ ಆಹ್ವಾನ ಬಂದಿತ್ತು, ಅವರೂ ಅದನ್ನು ಬಚ್ಚಿಡಲಿಲ್ಲ. ವೊಮ್ಯಾಕ್ ಕೂಡ ಫುಲ್‌ಬ್ಯಾಕ್ ಎಂಬುದನ್ನು ಇಲ್ಲಿ ಮರೆಯಬಾರದು.

ಐದು ಪೌಂಡ್ ಎಂದರೆ ಎಷ್ಟು

ಪ್ರಕರಣದ ತೂಕ ತಿಳಿಯಬೇಕಾದರೆ 5 ಪೌಂಡಿನ ತೂಕ ತಿಳಿಯಬೇಕು. 1901ರಿಂದ ಇಂಗ್ಲೆಂಡಿನ ವೃತ್ತಿಪರ ಫುಟ್‌ಬಾಲ್ ಆಟಗಾರರ ಸಂಬಳಕ್ಕೆ ಒಂದು ಗರಿಷ್ಠ ಮಿತಿ ಇತ್ತು. ವಾರಕ್ಕೆ 4 ಪೌಂಡ್. ಎಂತಹ ಆಟಗಾರನೇ ಆಗಿರಲಿ, ಅವನನ್ನು ನೋಡಲು ಎಷ್ಟೇ ಜನ ಬರಲಿ, ಅದಕ್ಕಿಂತ ಹೆಚ್ಚು ಕೊಟ್ಟ ಕ್ಲಬ್ಬಿಗೂ ಪಡೆದ ಆಟಗಾರನಿಗೂ ಶಿಕ್ಷೆ. 1906ರಲ್ಲಿ ಮ್ಯಾಂಚೆಸ್ಟರ್ ಸಿಟಿಯ 17 ಆಟಗಾರರನ್ನು ಇದೇ ಕಾರಣಕ್ಕೆ 1907ರ ಜನವರಿ 1ರವರೆಗೆ ಆಟದಿಂದ ಹೊರಗಿಟ್ಟಿದ್ದರು. 1910ರಲ್ಲಿ ಮಿತಿಯನ್ನು ತುಸು ಸಡಿಲಿಸಿ, ಕೆಲವು ವರ್ಷ ಒಂದೇ ಕ್ಲಬ್ಬಿನಲ್ಲಿ ಸೇವೆ ಮಾಡಿದವರಿಗೆ 5 ಪೌಂಡ್‌ವರೆಗೆ ಕೊಡಲು ಅವಕಾಶ ಮಾಡಿದರು. ಹಾಗಾಗಿ ಬಯೊಲೆಟ್ಟಿ ತಲೆಗೆ 5 ಪೌಂಡ್ ಎಂದದ್ದು ಬಾಯಿಗೆ ಬಂದ ಸಂಖ್ಯೆಯಲ್ಲ. ಹತ್ತು ವರ್ಷ ದುಡಿದ, ದೇಶಕ್ಕೆ ಆಡಿದ ಆಟಗಾರ ಒಂದು ವಾರದಲ್ಲಿ ಕಾನೂನುಬದ್ಧವಾಗಿ ಗಳಿಸಬಹುದಾದ ಗರಿಷ್ಠ ಮೊತ್ತ ಅದು. ಹೊಸಬ ಆಟಗಾರರಿಗೆ ಅದು ಒಂದು ವಾರದ ಸಂಬಳಕ್ಕಿಂತ ಹೆಚ್ಚೇ ಆಗಿತ್ತು.

ಮೈದಾನದಲ್ಲಿ ನಿಂತು ನೋಡುತ್ತಿದ್ದವರ ಲೆಕ್ಕದಲ್ಲಿ ಆ ಮೊತ್ತ ಇನ್ನೂ ದೊಡ್ಡದು. ಅದೇ 1913ರ ಬೇಸಿಗೆಯಲ್ಲಿ ನೆರೆಯ ವೆಡ್ನೆಸ್‌ಬರಿ ಮತ್ತು ಸುತ್ತಲಿನ ಊರುಗಳ ಕೊಳವೆ ಕಾರ್ಖಾನೆಗಳಲ್ಲಿ ಭಾರಿ ಮುಷ್ಕರ ನಡೆದಿತ್ತು. ಕುಶಲರಲ್ಲದ ಗಂಡಾಳುಗಳಿಗೆ ವಾರಕ್ಕೆ ಕನಿಷ್ಠ 23 ಶಿಲ್ಲಿಂಗ್ ಬೇಕು ಎಂಬುದು ಅವರ ಬೇಡಿಕೆ. ಒಂದು ಪೌಂಡಿಗೆ 20 ಶಿಲ್ಲಿಂಗ್, ಒಂದು ಶಿಲ್ಲಿಂಗಿಗೆ 12 ಪೆನ್ನಿ. ಎಂದರೆ ಬಯೊಲೆಟ್ಟಿ ಒಬ್ಬ ಆಟಗಾರನಿಗೆ ಕೊಡಲು ಹೊರಟಿದ್ದ ಹಣ, ಒಬ್ಬ ಕಾರ್ಮಿಕ ಹಸಿದು ಬೀದಿಗಿಳಿದು ಕೇಳಿದ ನಾಲ್ಕು ವಾರದ ಕೂಲಿಗಿಂತಲೂ ಹೆಚ್ಚು. ಇನ್ನು ತುಸು ದೂರದ ಕ್ರೇಡ್ಲಿ ಹೀತ್‌ನಲ್ಲಿ ಮನೆಯ ಹಿತ್ತಲ ಕುಲುಮೆಗಳಲ್ಲಿ ಸರಪಳಿ ಬಡಿಯುತ್ತಿದ್ದ ಹೆಂಗಸರು 1910ರಲ್ಲಿ ಮೇರಿ ಮೆಕಾರ್ಥರ್ ಅವರ ಮುಂದಾಳತ್ವದಲ್ಲಿ ವಾರಗಟ್ಟಲೆ ಹೋರಾಡಿ ಗೆದ್ದದ್ದು ಗಂಟೆಗೆ ಎರಡೂವರೆ ಪೆನ್ನಿಯ ಕೂಲಿ. ವಾರವಿಡೀ ಸುತ್ತಿಗೆ ಎತ್ತಿದರೆ ಸುಮಾರು 11 ಶಿಲ್ಲಿಂಗ್. ಆಲ್ಬಿಯನ್‌ನ ನೀಲಿ-ಬಿಳಿ ಪಟ್ಟೆಯ ಅಂಗಿಗಾಗಿ ಶನಿವಾರ ಕೂಗುತ್ತಿದ್ದವರು ಇಂತಹ ಮನೆಗಳವರು. ಅವರು ತಮ್ಮ ಕೂಲಿಯಲ್ಲಿ ಆರು ಪೆನ್ನಿ ಮುರಿದು ಟಿಕೆಟ್ಟಿಗೆ ಕೊಟ್ಟು ನೋಡಲು ಬಂದ ಆಟವೇ ಇಲ್ಲಿ ಮಾರಾಟಕ್ಕಿದ್ದದ್ದು.

ಪೆನ್ನಿಂಗ್ಟನ್ ಅವರಿಗೆ ಅಸಮಾಧಾನಕ್ಕೆ ಕಾರಣಗಳಿರಲಿಲ್ಲವೆಂದಲ್ಲ. ಸಂಬಳದ ಮಿತಿಯ ಜೊತೆಗೆ ಆಟಗಾರನ ಕಾಲಿಗೆ ಇನ್ನೊಂದು ಹಗ್ಗವೂ ಇತ್ತು: ಒಪ್ಪಂದದ ಅವಧಿ ಮುಗಿದರೂ ಅವನ ನೋಂದಣಿಯನ್ನು ಕ್ಲಬ್ ಹಿಡಿದಿಟ್ಟುಕೊಳ್ಳಬಹುದಿತ್ತು, ಕ್ಲಬ್ ಬಿಡದ ಹೊರತು ಲೀಗ್‌ನ ಬೇರೆ ಯಾವ ತಂಡಕ್ಕೂ ಅವನು ಹೋಗುವಂತಿರಲಿಲ್ಲ. ಇದನ್ನು ಪ್ರಶ್ನಿಸಿ ಹ್ಯಾರಿ ಕಿಂಗಬಿ ಎಂಬ ಆಟಗಾರ ಆಸ್ಟನ್ ವಿಲ್ಲಾ ವಿರುದ್ಧ ಹೂಡಿದ ದಾವೆ 1912ರಲ್ಲಿ ಬಿದ್ದುಹೋಗಿತ್ತು. 1907ರ ಡಿಸೆಂಬರ್‌ನಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಹುಟ್ಟಿದ ಆಟಗಾರರ ಸಂಘ ಆ ದಾವೆಯ ಹಿಂದಿತ್ತು. ಸೋಲಿನ ಖರ್ಚು ಅದರ ಬೆನ್ನು ಮುರಿಯಿತು. ಪೆನ್ನಿಂಗ್ಟನ್ ಕೂಡ 1910ರಲ್ಲಿ ಷರತ್ತುಗಳ ವಿಷಯದಲ್ಲಿ ಆಲ್ಬಿಯನ್ ಜೊತೆ ಮನಸ್ತಾಪವಾಗಿ, ಲೀಗ್‌ನ ಹೊರಗಿದ್ದ ಕಿಡ್ಡರ್‌ಮಿನ್‌ಸ್ಟರ್ ಹ್ಯಾರಿಯರ್ಸ್‌ಗೆ ಸಹಿ ಹಾಕಿದ್ದರು. ಆಮೇಲೆ ಮನಸ್ತಾಪ ಬಗೆಹರಿದು ಹಿಂದಿರುಗಿದರು. ತನ್ನ ದುಡಿಮೆಗೆ ತಕ್ಕ ಬೆಲೆ ಸಿಗುತ್ತಿಲ್ಲ ಎಂದು ಬಲ್ಲ, ಅದಕ್ಕಾಗಿ ಕ್ಲಬ್ಬನ್ನೇ ಎದುರು ಹಾಕಿಕೊಂಡಿದ್ದ ಮನುಷ್ಯ ಅವರು. ಅಂಥವರ ಕೈಗೆ 55 ಪೌಂಡ್ ಚಾಚಿದಾಗ ಅದನ್ನು ಒಂದು ಬಗೆಯ ಸೇಡು ಎಂದುಕೊಂಡು ತೆಗೆದುಕೊಳ್ಳುವುದಕ್ಕೆ ನೆಪ ಸಿದ್ಧವಾಗಿಯೇ ಇತ್ತು. ಕ್ಲಬ್ಬಿನೊಂದಿಗಿನ ಜಗಳ ಬೇರೆ, ಆಟ ಬೇರೆ ಎಂದು ಅವರು ಎರಡನ್ನೂ ಬೇರೆಬೇರೆಯಾಗಿಯೇ ಇಟ್ಟರು. ಅವರ ಬಗ್ಗೆ ನನ್ನ ಗೌರವ ಹೆಚ್ಚಿಸುವುದು ಇದೇ.

ಕೂಪನ್ನಿನ ವ್ಯಾಪಾರ

ಇಷ್ಟು ಹಣ ಸುರಿಯಲು ಯಾರಿಗೆ ಲಾಭವಿತ್ತು ಎಂಬುದನ್ನು ಚುಟುಕಾಗಿ ಹೇಳಿಬಿಡಬಹುದು. 1906ರ ಕಾಯಿದೆ ಇಂಗ್ಲೆಂಡಿನ ಬೀದಿಯಲ್ಲಿ ಬಾಜಿ ಕಟ್ಟುವುದನ್ನು ಅಪರಾಧವಾಗಿಸಿತ್ತು. ಆದರೆ ಫುಟ್‌ಬಾಲ್ ಬಾಜಿ ನಡೆಯುತ್ತಿದ್ದದ್ದು ಕೂಪನ್‌ಗಳ ಮೂಲಕ. ಆ ವಾರದ ಪಂದ್ಯಗಳನ್ನು ಅಚ್ಚು ಹಾಕಿದ ಒಂದು ಹಾಳೆ, ಅದರಲ್ಲಿ ಗೆಲ್ಲುವವರನ್ನು ಗುರುತು ಮಾಡಿ ಹಣ ಕಟ್ಟಬೇಕು. ನಾಲ್ಕೋ ಆರೋ ಫಲಿತಾಂಶಗಳು ಒಟ್ಟಾಗಿ ಸರಿಹೋದರೆ ನಿಗದಿಯಾದ ದರದಲ್ಲಿ ಹಣ. ಕೆಲವು ಸಂಸ್ಥೆಗಳು ಇಂಗ್ಲೆಂಡಿನ ಕಾನೂನಿನ ಕೈಗೆ ಸಿಗದಂತೆ ಹಾಲೆಂಡ್, ಸ್ವಿಟ್ಜರ್ಲೆಂಡ್‌ಗಳಲ್ಲಿ ಕಚೇರಿ ಇಟ್ಟುಕೊಂಡು ಅಂಚೆಯಲ್ಲಿ ವ್ಯವಹರಿಸುತ್ತಿದ್ದವು. ಕಾರ್ಖಾನೆಯ ಬಾಗಿಲಲ್ಲಿ, ಹಜಾಮತಿ ಅಂಗಡಿಯಲ್ಲಿ, ಹೆಂಡದಂಗಡಿಯಲ್ಲಿ ಈ ಹಾಳೆಗಳು ಕೈಯಿಂದ ಕೈಗೆ ಹೋಗುತ್ತಿದ್ದವು.

ಕೂಪನ್ ತುಂಬುವ ಸಾಮಾನ್ಯ ಜನ ತಮ್ಮ ಊರಿನ ತಂಡ ತನ್ನ ಮೈದಾನದಲ್ಲಿ ಗೆಲ್ಲುತ್ತದೆ ಎಂದೇ ಗುರುತು ಹಾಕುತ್ತಾರೆ. ಆ ಒಂದು ಗೆಲುವು ತಪ್ಪಿದರೆ ಸಾಕು, ಉಳಿದ ಎಲ್ಲ ಫಲಿತಾಂಶ ಸರಿಯಿದ್ದರೂ ಸಾವಿರಾರು ಕೂಪನ್‌ಗಳು ಕಸ. ಬಯೊಲೆಟ್ಟಿ ಸೋಲೇ ಬೇಕೆಂದು ಹಠ ಹಿಡಿಯದೆ ‘ಗೆಲ್ಲದಿದ್ದರೆ ಸಾಕು’ ಎಂದದ್ದನ್ನು ನಾನು ಈ ಬೆಳಕಿನಲ್ಲೇ ಓದುತ್ತೇನೆ. ಸಮಬಲವನ್ನು ಏರ್ಪಡಿಸುವುದು ಸೋಲನ್ನು ಏರ್ಪಡಿಸುವುದಕ್ಕಿಂತ ಸುಲಭ, ಅನುಮಾನವೂ ಕಡಿಮೆ.

ಎರಡು ದಾರಿ, ಮೂರನೆಯ ದಾರಿ

ಆಮಿಷ ಬಂದ ಕ್ಷಣದಲ್ಲಿ ಪೆನ್ನಿಂಗ್ಟನ್ ಅವರ ಮುಂದೆ ಎದ್ದು ಕಾಣುತ್ತಿದ್ದ ದಾರಿಗಳು ಎರಡು. ಒಪ್ಪುವುದು ಒಂದು. ಬೈದು ಕಳುಹಿಸಿ ಸುಮ್ಮನಾಗುವುದು ಇನ್ನೊಂದು. ಎರಡನೆಯದು ನೋಡಲು ಪ್ರಾಮಾಣಿಕವಾಗಿಯೇ ಇದೆ, ಬಹುತೇಕರು ಅದನ್ನೇ ಮಾಡಿರುತ್ತಾರೆ. ಅದರ ಅಪಾಯ ಎಲ್ಲಿದೆ ಎಂದು ತಿಳಿಯಲು ಎಂಟು ವರ್ಷ ಹಿಂದಕ್ಕೆ ಹೋಗಬೇಕು.

1905ರ ಏಪ್ರಿಲ್ ಕೊನೆಯಲ್ಲಿ ಮ್ಯಾಂಚೆಸ್ಟರ್ ಸಿಟಿ ಮತ್ತು ಆಸ್ಟನ್ ವಿಲ್ಲಾ ಋತುವಿನ ಕೊನೆಯ ಪಂದ್ಯ ಆಡಿದವು. ಸಿಟಿಗೆ ಲೀಗ್ ಗೆಲ್ಲುವ ಅವಕಾಶವಿತ್ತು. ಆ ಕಾಲದ ಅತಿ ಪ್ರಸಿದ್ಧ ಆಟಗಾರನಾಗಿದ್ದ ಸಿಟಿಯ ಬಿಲ್ಲಿ ಮೆರೆಡಿತ್ ವಿಲ್ಲಾದ ಅಲೆಕ್ ಲೀಕ್ ಅವರಿಗೆ 10 ಪೌಂಡ್ ಕೊಡುವುದಾಗಿ ಹೇಳಿದ್ದರು ಎಂಬ ಆರೋಪ ಬಂದದ್ದು ಪಂದ್ಯವೆಲ್ಲ ಮುಗಿದ ಮೇಲೆ, ಬೇರೊಂದು ವಿಚಾರಣೆಯ ಜೊತೆಜೊತೆಗೆ. ವಿಲ್ಲಾ ಪಂದ್ಯವನ್ನು 3–2ರಿಂದ ಗೆದ್ದಿತ್ತು, ಲೀಕ್ ಹಣ ಪಡೆದಿರಲಿಲ್ಲ. ಮೆರೆಡಿತ್ ಅವರನ್ನು ಅಮಾನತುಗೊಳಿಸಿದರು. ಆದರೆ ಯಾರು ಹೇಳಿಕೊಟ್ಟರು, ಯಾರ ಹಣ, ತಮಾಷೆಗೆ ಆಡಿದ ಮಾತೋ ನಿಜದ್ದೋ ಎಂಬ ಪ್ರಶ್ನೆಗಳು ವರ್ಷಗಟ್ಟಲೆ ಎಳೆದಾಡಿದವು. ಇದಕ್ಕೂ ಮುಂಚೆ, 1900ರಲ್ಲಿ, ಬರ್ನ್ಲಿ ತಂಡದ ಗೋಲ್‌ಕೀಪರ್ ಜಾಕ್ ಹಿಲ್‌ಮನ್ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಆಟಗಾರರಿಗೆ ಹಣದ ಆಸೆ ತೋರಿಸಿದ ಪ್ರಕರಣದಲ್ಲೂ ಅವರ ಸಮರ್ಥನೆ ಅದೇ ಆಗಿತ್ತು: ಅದು ತಮಾಷೆ. ಇಂಗ್ಲೆಂಡಿನಲ್ಲಿ ಆಟದ ಆಡಳಿತ ನಡೆಸುವ ಫುಟ್‌ಬಾಲ್ ಅಸೋಸಿಯೇಷನ್ ಒಪ್ಪಲಿಲ್ಲ, ಒಂದು ಋತು ಅವರನ್ನು ಹೊರಗಿಟ್ಟಿತು.

ಪಂದ್ಯ ಮುಗಿದ ಮೇಲೆ ಹೊರಬೀಳುವ ಮಾತಿಗೆ ಸಾಕ್ಷಿಯ ಬಲವಿಲ್ಲ. ಒಬ್ಬನ ಮಾತಿಗೆ ಇನ್ನೊಬ್ಬನ ಮಾತು ಎದುರು. ಪೆನ್ನಿಂಗ್ಟನ್ ಹಿಡಿದ ಮೂರನೆಯ ದಾರಿಯ ಬೆಲೆ ಇಲ್ಲಿದೆ. ಅವರು ಬಂದವನನ್ನು ಅಟ್ಟಿಬಿಡಲಿಲ್ಲ. ಅಟ್ಟಿದ್ದರೆ ಆತ ಇನ್ನೊಬ್ಬರ ಬಾಗಿಲು ತಟ್ಟುತ್ತಿದ್ದ. ಪಂದ್ಯ ಮುಗಿಯುವವರೆಗೆ ಅವನ ನಂಬಿಕೆ ಕೆಡದಂತೆ ನೋಡಿಕೊಂಡು, ಅದೇ ಹೊತ್ತಿಗೆ ಕ್ಲಬ್ಬಿನವರೂ ಪೊಲೀಸರೂ ಸಂಗತಿಯನ್ನು ಬಲ್ಲವರಾಗುವಂತೆ ಮಾಡಿದರು. ಆಗ ಆಲ್ಬಿಯನ್‌ನ ಕಾರ್ಯದರ್ಶಿ ಫ್ರೆಡ್ ಎವರಿಸ್, ಅಧ್ಯಕ್ಷರು ತಾವೇ ಹಿಂದೆ ಆಲ್ಬಿಯನ್‌ಗೂ ಇಂಗ್ಲೆಂಡಿಗೂ ಆಡಿದ್ದ ಬಿಲ್ಲಿ ಬ್ಯಾಸೆಟ್. ನಾಯಕನ ಮಾತನ್ನು ನಂಬುವ ಆಡಳಿತ ಅವರಿಗೆ ಸಿಕ್ಕಿತ್ತು ಎಂಬುದೂ ಸಣ್ಣ ಸಂಗತಿಯಲ್ಲ.

ಕಾನೂನೂ ಅಷ್ಟು ಹೊತ್ತಿಗೆ ತಕ್ಕಮಟ್ಟಿಗೆ ಸಿದ್ಧವಾಗಿತ್ತು. ನೌಕರನೊಬ್ಬನಿಗೆ ಹಣ ಕೊಟ್ಟು ಅವನ ಧಣಿಯ ಹಿತಕ್ಕೆ ವಿರುದ್ಧವಾಗಿ ನಡೆಯುವಂತೆ ಮಾಡುವುದು 1906ರ ಭ್ರಷ್ಟಾಚಾರ ತಡೆ ಕಾಯಿದೆಯಿಂದ ಅಪರಾಧವಾಗಿತ್ತು. ಫುಟ್‌ಬಾಲ್ ಆಟಗಾರ ‘ಕೆಲಸಗಾರ’ ಹೌದೋ ಅಲ್ಲವೋ ಎಂಬ ಜಿಜ್ಞಾಸೆಗೂ ಕ್ರಿಸ್ಟಲ್ ಪ್ಯಾಲೇಸ್ ಕ್ಲಬ್ಬಿನ ವಾಕರ್ ಎಂಬ ಆಟಗಾರನ ಗಾಯದ ಪರಿಹಾರದ ಮೊಕದ್ದಮೆಯಲ್ಲಿ ಮೇಲ್ಮನವಿ ನ್ಯಾಯಾಲಯ ಹೌದೆಂದು ಉತ್ತರ ಕೊಟ್ಟಿತ್ತು. ಆಟ ಆಟವಷ್ಟೇ, ಅದರೊಳಗಿನ ಮೋಸ ಕ್ಲಬ್ಬುಗಳ ಒಳಜಗಳ ಎನ್ನುವ ಕಾಲ ಕಳೆದಿತ್ತು. ಇದು ಕಟಕಟೆಯಲ್ಲಿ ತೀರ್ಮಾನವಾಗಬಲ್ಲ ವಿಷಯ ಎಂಬುದನ್ನು ಬಯೊಲೆಟ್ಟಿಗೆ ಆದ ಶಿಕ್ಷೆ ತೋರಿಸಿತು.

ಇಲ್ಲಿ ಆ ತೊಂಬತ್ತು ನಿಮಿಷಗಳ ಬಗ್ಗೆ ಸ್ವಲ್ಪ ನಿಲ್ಲಬೇಕು. ಗೆದ್ದರೆ ಲಂಚಗಾರ ಹಣ ತರುವುದಿಲ್ಲ, ಅವನನ್ನು ಹಿಡಿಯುವ ಅವಕಾಶ ಕೈತಪ್ಪುತ್ತದೆ. ಗೆಲ್ಲದಿದ್ದರೆ ಆತ ಬರುತ್ತಾನೆ, ಆದರೆ ತನ್ನ ತಂಡಕ್ಕೆ ಒಂದು ಅಂಕವೋ ಎರಡೋ ನಷ್ಟ. ಈ ಎರಡರ ನಡುವೆ ನಾಯಕ ಪ್ರತಿಯೊಂದು ಚೆಂಡಿಗೂ ಎಂದಿನಂತೆಯೇ ಹೋಗಬೇಕಿತ್ತು. ಎವರ್ಟನ್ ಗೋಲು ಹೊಡೆದ ಕ್ಷಣದಲ್ಲಿ ಅವರ ಮನಸ್ಸಿನಲ್ಲಿ ಏನಿತ್ತು ಎಂದು ಊಹಿಸಲು ನಾನು ಹೋಗುವುದಿಲ್ಲ. ಆದರೆ ಅಂದು ಅವರ ಕಾಲಿನಿಂದ ಆದ ಒಂದು ಸಹಜ ತಪ್ಪು ಕೂಡ ವಿಷಯ ಬಲ್ಲವರ ಕಣ್ಣಿಗೆ ಸಹಜವಾಗಿ ಕಾಣುವ ಸಾಧ್ಯತೆ ಕಡಿಮೆಯಿತ್ತು ಎಂಬುದಂತೂ ನಿಶ್ಚಿತ. ಮುಂಚಿತವಾಗಿ ಹೇಳಿದ ಮಾತೊಂದೇ ಅವರ ಕವಚ.

ಬ್ರಾಮಲ್ ಲೇನ್‌ನ ಓಟ

ಅದಕ್ಕೆ ಒಂದೂವರೆ ವರ್ಷ ಮುಂಚೆ ನಡೆದ ಇನ್ನೊಂದು ಸಂಗತಿಯನ್ನು ಈ ಪ್ರಕರಣದ ಜೊತೆಗಿಟ್ಟು ನೋಡದೆ ಇರಲು ನನ್ನಿಂದಾಗದು. 1912ರ ಎಫ್‌ಎ ಕಪ್ ಅಂತಿಮ ಪಂದ್ಯದಲ್ಲಿ ಆಲ್ಬಿಯನ್‌ಗೆ ಎದುರಾದದ್ದು ಎರಡನೆಯ ದರ್ಜೆಯ ಬಾರ್ನ್‌ಸ್ಲಿ. ಏಪ್ರಿಲ್ 20ರಂದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ಗೋಲಿಲ್ಲದೆ ಮುಗಿದ ಕಾರಣ ಏಪ್ರಿಲ್ 24ರಂದು ಶೆಫೀಲ್ಡ್‌ನ ಬ್ರಾಮಲ್ ಲೇನ್‌ನಲ್ಲಿ ಮತ್ತೆ ಆಡಿದರು. ಅಲ್ಲೂ ತೊಂಬತ್ತು ನಿಮಿಷ ಗೋಲಿಲ್ಲ. ಹೆಚ್ಚುವರಿ ಅರ್ಧ ಗಂಟೆಯೂ ತೀರುತ್ತ ಬಂದು ಇನ್ನೆರಡು ನಿಮಿಷ ಉಳಿದಿದ್ದಾಗ ಬಾರ್ನ್‌ಸ್ಲಿಯ ಹ್ಯಾರಿ ಟಫ್ನೆಲ್ ಚೆಂಡನ್ನು ಹಿಡಿದು ಓಡಿದರು. ಅವರನ್ನು ತಡೆಯಬಲ್ಲಷ್ಟು ಹತ್ತಿರದಲ್ಲಿದ್ದವರು ಪೆನ್ನಿಂಗ್ಟನ್. ಕಾಲು ಅಡ್ಡ ಕೊಟ್ಟು ಕೆಡವಿದ್ದರೆ ಒಂದು ಫ್ರೀ ಕಿಕ್ ಹೋಗುತ್ತಿತ್ತು, ಅಷ್ಟೇ. ಗೋಲಿನ ಸ್ಪಷ್ಟ ಅವಕಾಶವನ್ನು ತಪ್ಪಿಸಿದವನನ್ನು ಮೈದಾನದಿಂದ ಹೊರಗೆ ಕಳುಹಿಸಬೇಕೆಂಬ ನಿಯಮ ಬಂದದ್ದು ಎಷ್ಟೋ ದಶಕಗಳ ನಂತರ. ಅವರು ಕೆಡವಲಿಲ್ಲ. ಟಫ್ನೆಲ್ ಹೊಡೆದ ಗೋಲಿನಿಂದ ಕಪ್ ಬಾರ್ನ್‌ಸ್ಲಿಗೆ ಹೋಯಿತು.

ಬೇರೆ ಆಟಗಾರನಾಗಿದ್ದರೆ ಕೆಡವಿಯೇ ಕೆಡವುತ್ತಿದ್ದ ಎಂದು ಅಂದಿನಿಂದ ಇಂದಿನವರೆಗೂ ಆಲ್ಬಿಯನ್ ಅಭಿಮಾನಿಗಳು ಹೇಳುತ್ತ ಬಂದಿದ್ದಾರೆ. ಹಾಗೆ ಕೆಡವುವುದು ವೃತ್ತಿಪರನ ಕರ್ತವ್ಯ ಎನ್ನುವವರೂ ಇದ್ದಾರೆ, ಅವರ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ನನಗೆ ಕಾಣುವುದು ಇಷ್ಟು: ಯಾವ ಶಿಕ್ಷೆಯೂ ಇಲ್ಲದ ಸಣ್ಣ ತಪ್ಪಿನಿಂದ ದೊಡ್ಡ ಬಹುಮಾನ ಉಳಿಸಿಕೊಳ್ಳುವ ಅವಕಾಶವನ್ನು ಕೈಬಿಟ್ಟ ಮನುಷ್ಯನ ಬಳಿಗೆ ಬಯೊಲೆಟ್ಟಿ ಹೋದ. ಆಟದ ಬಗ್ಗೆ ಏನಾದರೂ ತಿಳಿದವನಾಗಿದ್ದರೆ ಆ ಬಾಗಿಲನ್ನು ಅವನು ತಟ್ಟುತ್ತಿರಲಿಲ್ಲ.

ಹದಿನಾರು ತಿಂಗಳ ನಂತರ

ಒಂದು ಪ್ರಕರಣದಲ್ಲಿ ಶಿಕ್ಷೆಯಾದ ಮಾತ್ರಕ್ಕೆ ಕಾಯಿಲೆ ಹೋಗಲಿಲ್ಲ. 1915ರ ಏಪ್ರಿಲ್ 2ರ ಗುಡ್ ಫ್ರೈಡೇ ದಿನ ಓಲ್ಡ್ ಟ್ರಾಫರ್ಡ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ತಂಡ ಲಿವರ್‌ಪೂಲನ್ನು 2–0ಯಿಂದ ಸೋಲಿಸಿತು. ಅದೇ ಅಂತರದ ಗೆಲುವಿನ ಮೇಲೆ ಒಂದಕ್ಕೆ ಏಳರ ದರದಲ್ಲಿ ಭಾರಿ ಬಾಜಿ ಕಟ್ಟಲಾಗಿತ್ತು. ಎರಡನೆಯ ಅರ್ಧದಲ್ಲಿ ಆಟಗಾರರು ನಡೆದಾಡಿದಂತೆ ಆಡಿದರು, ಯುನೈಟೆಡ್ ಒಂದು ಪೆನಾಲ್ಟಿಯನ್ನು ಗೋಲಿನ ಆಚೆ ಹೊಡೆಯಿತು, ಒಳಸಂಚಿನಲ್ಲಿಲ್ಲದ ಲಿವರ್‌ಪೂಲ್‌ನ ಫ್ರೆಡ್ ಪ್ಯಾಗ್ನಮ್ ಚೆಂಡನ್ನು ಗೋಲುಪಟ್ಟಿಗೆ ಹೊಡೆದಾಗ ಅವರ ತಂಡದವರೇ ಸಿಟ್ಟಾದರು. ಆ ವರ್ಷದ ಡಿಸೆಂಬರ್‌ನಲ್ಲಿ ವಿಚಾರಣೆ ಮುಗಿದು ಎರಡೂ ತಂಡಗಳಿಂದ ಏಳು ಮಂದಿಗೆ ಆಜೀವ ನಿಷೇಧ ಬಿತ್ತು.

ಇಲ್ಲಿ ಹೊರಗಿನ ಬಯೊಲೆಟ್ಟಿ ಬೇಕಾಗಲಿಲ್ಲ; ಆಟಗಾರರೇ ಕೂಡಿ ಮಾಡಿಕೊಂಡರು. ಯುದ್ಧದಿಂದಾಗಿ ಆ ಋತುವಿನ ನಂತರ ಲೀಗ್ ನಿಲ್ಲಲಿದೆ, ಸಂಬಳವೂ ನಿಲ್ಲಲಿದೆ ಎಂಬುದು ಎಲ್ಲರಿಗೂ ಕಂಡಿತ್ತು. ಮಿತಿಯೊಳಗಿನ ಸಂಬಳ, ಬಿಟ್ಟುಹೋಗಲಾಗದ ನೋಂದಣಿ, ಗಾಯವಾದರೆ ಮುಗಿಯುವ ವೃತ್ತಿ: ಇವುಗಳನ್ನು ಹಾಗೆಯೇ ಇಟ್ಟುಕೊಂಡು ಆಟಗಾರರ ಪ್ರಾಮಾಣಿಕತೆಯ ಮೇಲೆ ಮಾತ್ರ ಭಾರ ಹಾಕಿದ ಆಡಳಿತದ ಮೇಲೂ ಈ ಪತನದ ಹೊಣೆ ಇದೆ ಎಂಬುದು ನನ್ನ ದೃಢ ಅಭಿಪ್ರಾಯ. 1913ರಲ್ಲಿ ಒಬ್ಬ ಪೆನ್ನಿಂಗ್ಟನ್, ಒಬ್ಬ ವೊಮ್ಯಾಕ್ ಎದ್ದು ನಿಂತು ಎಚ್ಚರಿಕೆ ಕೊಟ್ಟಿದ್ದರು. ಫುಟ್‌ಬಾಲ್ ಮೇಲೆ ರೊಕ್ಕ ಕಟ್ಟಿ ಬಾಜಿಯಾಡುವುದನ್ನು ತಡೆಯುವ ಕಾಯಿದೆ ಬಂದದ್ದು 1920ರಲ್ಲಿ. ಸಂಬಳದ ಮಿತಿ ಕೊನೆಗೊಂಡದ್ದಂತೂ 1961ರಲ್ಲಿ.

ನಿಷೇಧಕ್ಕೊಳಗಾದ ಏಳು ಮಂದಿಯಲ್ಲಿ ಸ್ಯಾಂಡಿ ಟರ್ನ್‌ಬುಲ್ 1917ರಲ್ಲಿ ಫ್ರಾನ್ಸಿನ ರಣರಂಗದಲ್ಲಿ ತೀರಿಕೊಂಡರು. ಯುದ್ಧಸೇವೆಯನ್ನು ಪರಿಗಣಿಸಿ 1919ರಲ್ಲಿ ಉಳಿದವರ ನಿಷೇಧ ತೆಗೆದರು. ತಾನು ನಿರ್ದೋಷಿ ಎಂದು ನ್ಯಾಯಾಲಯಕ್ಕೆ ಹೋಗಿ ಸೋತಿದ್ದ ಇನೊಕ್ ವೆಸ್ಟ್ ಒಬ್ಬರಿಗೆ ಮಾತ್ರ ಆ ರಿಯಾಯಿತಿ ಸಿಗಲಿಲ್ಲ. ಅವರ ನಿಷೇಧ 1945ರವರೆಗೆ ಉಳಿಯಿತು. ಅಷ್ಟರಲ್ಲಿ ಅವರಿಗೆ ಐವತ್ತೊಂಬತ್ತು ವರ್ಷ.

ಲೀಗ್ ಮತ್ತೆ ಶುರುವಾದ 1919–20ರ ಋತುವಿನಲ್ಲಿ ಪೆನ್ನಿಂಗ್ಟನ್ ಅವರಿಗೆ ಮೂವತ್ತಾರು ವಯಸ್ಸು. ನಾಲ್ಕು ವರ್ಷ ಯುದ್ಧ ನುಂಗಿತ್ತು, ಆ ವಯಸ್ಸಿನ ಹೆಚ್ಚಿನ ಫುಲ್‌ಬ್ಯಾಕ್‌ಗಳು ಆಟ ಬಿಟ್ಟಿದ್ದರು. ಆಲ್ಬಿಯನ್ ಅವರ ನಾಯಕತ್ವದಲ್ಲಿ 42 ಪಂದ್ಯಗಳಿಂದ 60 ಅಂಕ ಗಳಿಸಿ, 104 ಗೋಲು ಹೊಡೆದು, ಎರಡನೆಯ ಸ್ಥಾನದ ಬರ್ನ್ಲಿಗಿಂತ 9 ಅಂಕ ಮುಂದೆ ನಿಂತು ಲೀಗ್ ಚಾಂಪಿಯನ್ ಆಯಿತು. ಫ್ರೆಡ್ ಮಾರಿಸ್ ಒಬ್ಬರೇ 37 ಗೋಲು ಹೊಡೆದಿದ್ದರು. ಆ ಕ್ಲಬ್ ಇಂಗ್ಲೆಂಡಿನ ಲೀಗ್ ಗೆದ್ದದ್ದು ಇಂದಿಗೂ ಅದೊಂದೇ ಸಲ. ಅದೇ ಋತುವಿನಲ್ಲಿ, 1920ರ ಏಪ್ರಿಲ್ 10ರಂದು, ಶೆಫೀಲ್ಡ್‌ನ ಹಿಲ್ಸ್‌ಬರೊದಲ್ಲಿ ಪೆನ್ನಿಂಗ್ಟನ್ ಇಂಗ್ಲೆಂಡಿಗಾಗಿ ಕೊನೆಯ ಪಂದ್ಯ ಆಡಿದರು; ಅರ್ಧವಿರಾಮಕ್ಕೆ 4–2ರಿಂದ ಮುಂದಿದ್ದ ಸ್ಕಾಟ್ಲೆಂಡನ್ನು ಇಂಗ್ಲೆಂಡ್ 5–4ರಿಂದ ಸೋಲಿಸಿತು. ಆಲ್ಬಿಯನ್‌ಗೆ ಅವರು 1922ರವರೆಗೂ ಆಡಿದರು. ಮೂವತ್ತೆಂಟು ದಾಟಿದ ಆ ವಯಸ್ಸಿನವರೆಗೂ ಲೀಗ್‌ನ ಬೇರೆ ಯಾವ ತಂಡದ ಅಂಗಿಯನ್ನೂ ಅವರು ತೊಡಲಿಲ್ಲ.